ಕಪ್ಪಾದ ಸಂಪಿಗೆ

ಒಣಗಿಸಿದ ಹೂವನ್ನು ಗಾಜಿನಂತೆ ಗಟ್ಟಿಯಾಗುವ ತಿಳಿ ರೆಸಿನ್‌ನಲ್ಲಿ ಎರಕ ಹೊಯ್ದು ಪೆನ್ನು ಮಾಡುವುದು ವಿಜಯವಾಡದಲ್ಲಿ ನನ್ನ ಕಸುಬು. ಪಸೆ ಉಳಿದರೆ ಹೂ ಒಳಗೇ ಕಪ್ಪಾಗುತ್ತದೆ. ಅವಸರ ಮಾಡುವ ಗಿರಾಕಿಗಳನ್ನು ಗದರಿಸಿ, ಹೂ ಪೂರ್ತಿ ಒಣಗಲೆಂದು ಹತ್ತು ದಿನ ಕಾಯಿಸುತ್ತೇನೆ.

ವಿಶಾಖಪಟ್ಟಣದಲ್ಲಿ ಹಾಸಿಗೆ ಹಿಡಿದಿದ್ದ ಅಮ್ಮ ಒಂದು ಬೆಳಿಗ್ಗೆ ಸಂಪಿಗೆ ಬೇಕೆಂದಳು. ಅಪ್ಪ ಸಿಂಹಾಚಲಂ ಬೆಟ್ಟಕ್ಕೆ ಹೋಗಿ ತರುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದಳು. ಆ ಪೊಟ್ಟಣದಿಂದ ಒಂದು ಹೂ ಎತ್ತಿಟ್ಟುಕೊಂಡೆ.

ಹದಿಮೂರನೆಯ ದಿನ ಅಪ್ಪನ ಕೈಗೆ ಪೆನ್ನು ಕೊಡಲೇಬೇಕೆಂಬ ಹಟಕ್ಕೆ ಬಿದ್ದು, ಐದನೆಯ ದಿನವೇ ರೆಸಿನ್ ಹೊಯ್ದೆ. ಹೂ ಕರ್ರಗಾಯಿತು. ಆದರೂ ಒಯ್ದೆ.

“ಕಾಯಬೇಕಿತ್ತು ಅಪ್ಪ, ಆತುರಪಟ್ಟೆ.”

ಅಪ್ಪ ಪೆನ್ನನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಇರ್ಲಿ ಬಿಡಮ್ಮ. ನಾನು ಬೆಟ್ಟ ಇಳಿಯೋ ತನಕ ನಿಮ್ಮಮ್ಮನೂ ಕಾಯ್ಲಿಲ್ಲ.”