ಎರಡು ಹಿತ್ತಿಲ ನಡುವಿನ ಕಳ್ಳಿ

ಬಂದರಿ ಸೊಪ್ಪನ್ನು ಅಂಗೈಯಲ್ಲಿ ಉಜ್ಜಿ ಮೂಸಿದರೆ ಸಾಕು, ಕುಂದಾಣದ ನಮ್ಮ ಹಿತ್ತಿಲು ನನಗೆ ಮರಳಿ ಸಿಗುತ್ತದೆ. ನಿಮಗೂ ಅಂಥದೊಂದು ವಾಸನೆ ಇರಬಹುದು. ಹಿತ್ತಿಲಿನಾಚೆ ಗೋಮಾಳ, ಅಲ್ಲಿ ಬಂದರಿ, ಕಾರೆ, ಕವಳಿಯ ಪೊದೆಗಳು, ಎಂಥ ಬಿಸಿಲಿಗೂ ಜಗ್ಗದೆ ಹಳದಿ ಹೂ ಬಿಡುವ ತಂಗಡಿ. ಅವನ್ನು ಯಾರೂ ನೆಟ್ಟದ್ದಲ್ಲ. ನೆಟ್ಟದ್ದು ಚದರಗಳ್ಳಿ ಒಂದನ್ನೇ, ಅದೂ ಹಟಕ್ಕೆ. ಎರಡನೇ ಮಹಾಯುದ್ಧದ ದಿನಗಳಲ್ಲಿ ಅಪ್ಪ, ಚಿಕ್ಕಪ್ಪ ಬೇರೆಯಾದರು. ನಮ್ಮ ಜೊತೆ ಉಳಿದ ಅಜ್ಜಿ ಗೋಮಾಳದಿಂದ ಕಳ್ಳಿ ಕಡಿದು ತಂದು ಎರಡು ಹಿತ್ತಿಲುಗಳ ನಡುವೆ ಬೇಲಿ ಎಬ್ಬಿಸಿದಳು. ಪಾಲು ಕೇಳುವಂತೆ ಮಗನ ಕಿವಿಯೂದಿದವಳು ಕಿರಿಸೊಸೆಯೇ ಎಂದು ಅವಳ ನಂಬಿಕೆ. ಚಿಕ್ಕಮ್ಮನಿಗೆ ಗಂಡುಮಗು ಹುಟ್ಟಿದಾಗಲೂ ನೋಡಲು ಹೋಗಲಿಲ್ಲ. ಆಚೆಯಿಂದ ಅಳು ಕೇಳಿಸಿದರೆ ರಾಗಿ ಬೀಸುವ ಕಲ್ಲನ್ನು ಇನ್ನೂ ಜೋರಾಗಿ ತಿರುಗಿಸುತ್ತಿದ್ದಳು. ಅಂಥ ಜಂಬದ ಮುದುಕಿ!

ಒಂದು ಮಧ್ಯಾಹ್ನ, ನಮ್ಮ ಕಡೆಗೆ ವಾಲಿದ್ದ ಕಳ್ಳಿಯನ್ನು ಕುಡುಗೋಲಿನಿಂದ ಕೊಚ್ಚುತ್ತಿದ್ದಾಗ ಹಾಲು ಚಿಮ್ಮಿ ಅವಳ ಎರಡೂ ಕಣ್ಣಿಗೆ ಬಿತ್ತು. "ಅಯ್ಯೋ, ಕಣ್ ಹೋಯ್ತಲ್ಲೇ!" ಎಂದು ಕುಸಿದಳು. ಅಮ್ಮ ಕೊಡಗಟ್ಟಲೆ ನೀರು ಹುಯ್ದಳು. ರೆಪ್ಪೆಗಳು ಊದಿ ಮುಚ್ಚಿಕೊಂಡವು, ಉರಿ ಮಾತ್ರ ಇಳಿಯಲಿಲ್ಲ. ಕಳ್ಳಿಹಾಲು ಬಿದ್ದ ಕಣ್ಣಿಗೆ ಎದೆಹಾಲು ಬಿಡುವುದು ನಮ್ಮ ಕಡೆಯ ರೂಢಿ. ಅಮ್ಮನ ಹಾಲು ಬತ್ತಿ ವರ್ಷಗಳಾಗಿದ್ದವು. ಹತ್ತಿರದಲ್ಲಿ ಹಸುಗೂಸಿನ ತಾಯಿ ಎಂದರೆ ಚಿಕ್ಕಮ್ಮ ಒಬ್ಬಳೇ.

"ಕುರುಡಿಯಾಗೇ ಸಾಯ್ತೀನಿ, ಆ ಮನೆ ಹಾಲು ಬ್ಯಾಡ," ಎಂದಳು ಅಜ್ಜಿ. ಅಮ್ಮ ಬೇಲಿ ನೋಡಿದಳು, ಅತ್ತೆಯ ಮುಖ ನೋಡಿದಳು; ಕೂಗಲು ಬಾಯಿ ಬರಲಿಲ್ಲ. ನಾನು ಹೆದರಿ ಅವಳ ಸೆರಗು ಹಿಡಿದುಕೊಂಡಿದ್ದೆ. ಅಷ್ಟರಲ್ಲಿ, ಚೀರಾಟ ಕೇಳಿದ ಚಿಕ್ಕಮ್ಮ ಮೊಲೆಯುಣ್ಣುತ್ತಿದ್ದ ಮಗುವನ್ನು ಎತ್ತಿಕೊಂಡೇ ಬೀದಿ ಸುತ್ತಿ ಓಡಿ ಬಂದಳು. ಮಗುವನ್ನು ನನ್ನ ಕೈಗಿತ್ತು ಅಜ್ಜಿಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಸುಮ್ಕೆ ಮಲೀಕ್ಕಳಿ ಅತ್ತೆ. ಆಮ್ಯಾಲೆ ಎಷ್ಟ್ ಬೇಕಾದ್ರೂ ಬೈರಿ."

ಅಮ್ಮ ರೆಪ್ಪೆ ಬಿಡಿಸಿ ಹಿಡಿದಳು, ಚಿಕ್ಕಮ್ಮ ಹಾಲು ಹಿಂಡಿದಳು. ಮಗು ಹಸಿವಿನಿಂದ ಕಿರುಚತೊಡಗಿತು. "ಅದ್ಕೆ ಕೊಡೇ, ಮೊದ್ಲು," ಎಂದಳು ಅಜ್ಜಿ. "ನಿಮ್ಗಾಗ್ಲಿ," ಎಂದಳು ಚಿಕ್ಕಮ್ಮ.

ಹೊತ್ತು ಇಳಿಯುವವರೆಗೂ ಹೀಗೇ ನಡೆಯಿತು. ಕೊನೆಗೆ ಬಲಗಣ್ಣು ಸ್ವಲ್ಪ ತೆರೆಯಿತು. ಎಡಗಣ್ಣಿನ ದೃಷ್ಟಿ ಮತ್ತೆ ಬರಲೇ ಇಲ್ಲ. ಮಂಜಾಗಿದ್ದ ಬಲಗಣ್ಣಿನಲ್ಲಿ ಅಜ್ಜಿ ಮೊದಲು ಹುಡುಕಿದ್ದು ಮಗುವನ್ನು. ಅದರ ಮುಖವನ್ನೆಲ್ಲ ಬೆರಳಿನಿಂದ ತಡವಿ, "ನಮ್ ಯಜಮಾನ್ರ ಮೂಗು ಕಣೇ. ಇಷ್ಟ್ ದಿನ ತಂದು ತೋರಿಸ್ಬಾರ್ದಾಗಿತ್ತಾ?" ಎಂದು ಚಿಕ್ಕಮ್ಮನನ್ನೇ ಗದರಿದಳು. ಚಿಕ್ಕಮ್ಮ ಮಗುವನ್ನು ಅವಳ ಮಡಿಲಿಗೆ ಹಾಕಿದಳು.

ಅಜ್ಜಿ, ಅಮ್ಮ, ಚಿಕ್ಕಮ್ಮ ಮೂವರೂ ಹೋಗಿ ಎಷ್ಟೋ ಕಾಲವಾಯಿತು. ಆ ಸಂಜೆ ಅವರು ಒಂದೇ ಹಿತ್ತಿಲಲ್ಲಿ ಕೂತಿದ್ದರು ಎಂದು ಹೇಳಲು ಈಗ ನಾನೊಬ್ಬಳೇ ಇದ್ದೇನೆ.