ಎಡಗೈ ಕಿರುಬೆರಳು

ತೊಂಬತ್ತೊಂಬತ್ತರ ಪೋಲಿಯೊ ವಾರ. ದೊಡ್ಡನೆಕ್ಕುಂದಿಯ ನರ್ಸಮ್ಮ ಹೊಂಬಾಳಮ್ಮ ಅಂದಿನ ಮನೆಗಳನ್ನೆಲ್ಲ ಮುಗಿಸಿ, ಲಸಿಕೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದಳು. ಹನಿ ಕುಡಿದ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚುವುದು ಪದ್ಧತಿ. ಕೊನೆಯ ಶೆಡ್ಡಿನಲ್ಲಿ, ರಾಯಚೂರಿನಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ಮಾಳಮ್ಮ ಮಗನ ಶಾಯಿ ಬೆರಳನ್ನು ತಾನಾಗಿಯೇ ಎತ್ತಿ ತೋರಿಸಿದ್ದಳು. ಬೇರೆ ತಂಡದವರು ಹಾಕಿರಬೇಕೆಂದು ಹೊಂಬಾಳಮ್ಮ ಮುಂದೆ ನಡೆದಿದ್ದಳು.

ಬಸ್ಸು ಹೊರಟಾಗ ಹೊಳೆಯಿತು. ಆ ಹುಡುಗನ ಶಾಯಿ ಬೆರಳು ಬಲಗೈಯದು! ತಾಯಿಯೇ ಪೆನ್ನಿನ ಶಾಯಿ ಬಳಿದಿದ್ದಾಳೆ.

"ನನ್ ಕಣ್ಣಿಗೆ ಮಣ್ ಬಿದ್ದಿತ್ತಾ! ನಿಲ್ಸಪ್ಪಾ ಬಸ್ಸು!"

ಓಡೋಡಿ ಹೋದಳು. ಆ ಜನ ನಾಳೆಯೇ ಇನ್ನಾವುದೋ ಕಟ್ಟಡಕ್ಕೆ ಎದ್ದುಹೋದರೆ? ಆ ಹುಡುಗನ ಕಾಲು ಸೋತುಹೋದರೆ?

ಮಾಳಮ್ಮ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತಳು. "ಬ್ಯಾಡ್ರಿ ಅಕ್ಕಾ. ಇದನ್ನ ಕುಡಿದ್ರ ಜ್ವರ ಬಂದು ಕೂಸು ಉಳಿಯಂಗಿಲ್ಲಂತ."

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಹೊಂಬಾಳಮ್ಮ ಅದನ್ನು ನುಂಗಿಕೊಂಡು, ಡಬ್ಬಿ ತೆಗೆದು, ತನ್ನ ಬಾಯಿಗೇ ಎರಡು ಹನಿ ಬಿಟ್ಟುಕೊಂಡಳು.

ಮಾಳಮ್ಮ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಆಮೇಲೆ ಮಗನನ್ನು ಮುಂದಕ್ಕೆ ತಳ್ಳಿ, ಒಳಗೆ ಹೋಗಿ, ಸಿಮೆಂಟು ಚೀಲಗಳ ಮರೆಯಿಂದ ಹಸುಗೂಸೊಂದನ್ನು ಎತ್ತಿ ತಂದಳು.

"ಇದಕ್ಕೂ ಹಾಕ್ರಿ."