ಎರವಲು ಧ್ವನಿಯ ನಟ

ಅವನ ಧ್ವನಿಯ ಬಗ್ಗೆ ಗೋಕಾಕದಲ್ಲಿ ಮೂರು ಕಥೆಗಳಿವೆ. ಮೂರನ್ನೂ ನಾನು ನಂಬುವುದಿಲ್ಲ.

ಅವನು ನಮ್ಮ ಭಾಗದ ಒಂದು ನಾಟಕ ಕಂಪನಿಯ ಮನೆತನದವನು. ಅಜ್ಜ ಕಂಪನಿ ಕಟ್ಟಿದವರು, ಅಪ್ಪ ಅದರ ನಾಯಕ ನಟ, ತಾಯಿ ನಾಯಕಿ, ಅಕ್ಕ ಆರನೆಯ ವರ್ಷಕ್ಕೇ ಬಣ್ಣ ಹಚ್ಚಿದವಳು. ಇಪ್ಪತ್ತರ ಆಚೀಚೆ ಅವನು ಬೆಂಗಳೂರಿಗೆ ಹೋಗಿ ಸಿನಿಮಾ ಸೇರಿದ. ಮುಖ ಚೆನ್ನಾಗಿತ್ತು, ನಿಲುವು ಚೆನ್ನಾಗಿತ್ತು; ಕೆಲವು ಚಿತ್ರಗಳಲ್ಲಿ ನಾಯಕನೂ ಆದ. ಆದರೆ ಆ ಚಿತ್ರಗಳಲ್ಲಿ ಅವನ ತುಟಿ ಅಲುಗಿದಾಗ ಕೇಳುವ ಧ್ವನಿ ಬೇರೊಬ್ಬರದು. ಹಾಗೇಕಾಯಿತು ಎಂಬುದಕ್ಕೇ ಮೂರು ಕಥೆ. ಗಂಟಲಿನ ಆಪರೇಷನ್ ಆಗಿತ್ತು ಎನ್ನುವವರು ಕೆಲವರು. ಮೈಕಿಲ್ಲದ ಕಂಪನಿಯಲ್ಲಿ ಕೂಗಿ ಕೂಗಿ ಧ್ವನಿ ಒಡೆದಿತ್ತು ಎಂದು ಒಂದು ಪತ್ರಿಕೆ ಬರೆಯಿತು. ನಮ್ಮ ಕಡೆಯ ಮಾತು ಬಿಟ್ಟರೆ ಅವನಿಗೆ ಬೇರೆ ಕನ್ನಡ ಬರುತ್ತಿರಲಿಲ್ಲ ಎನ್ನುವುದು ಮೂರನೆಯದು. ಅದನ್ನು ಹೇಳುವವರೇ ಹೆಚ್ಚು. ಹೇಳುವಾಗ ಅವರ ಮುಖದಲ್ಲೊಂದು ಸಣ್ಣ ಹೆಮ್ಮೆಯೂ ಇರುತ್ತದೆ.

ನಾನು ಒಂಬತ್ತು ವರ್ಷ ಆ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದೆ. ಸಾಲೆಯಲ್ಲಿ ಕಲಿತದ್ದು ನಾಲ್ಕನೆಯ ಇಯತ್ತೆ. ಮುಂದಿನದನ್ನೆಲ್ಲ ಪರದೆಯ ಮರೆಯಲ್ಲಿ ನಾಟಕದ ಹಸ್ತಪ್ರತಿ ಹಿಡಿದು ನಿಂತು, ಮಾತು ಮರೆತವರಿಗೆ ಮುಂದಿನ ಶಬ್ದವನ್ನು ಪಿಸುಗುಡುತ್ತ ಕಲಿತೆ. ಆದ್ದರಿಂದ ಅವನ ಗಂಟಲನ್ನು ನಾನು ಬಲ್ಲೆ. ಅದಕ್ಕೆ ನೆಗಡಿಯಲ್ಲದೆ ಬೇರೇನೂ ತಗುಲಿದ್ದನ್ನು ಕಾಣೆ. ಮೈಕಿನ ಮಾತು ಹೇಳುವುದಾದರೆ, ನಮ್ಮ ರಂಗದ ಮೇಲೆ ಮೂರು ಮೈಕುಗಳು ತೂಗುತ್ತಿದ್ದವು. ಇನ್ನು ಭಾಷೆ: ಹದಿನಾರರ ವಯಸ್ಸಿನಲ್ಲಿ ಅವನು ಕೃಷ್ಣನಾಗಿ ಆಡುತ್ತಿದ್ದ ಗ್ರಂಥದ ಕನ್ನಡವನ್ನು ಕೇಳಿ ಹುಕ್ಕೇರಿಯ ಸಾಲೆಯ ಮಾಸ್ತರರೊಬ್ಬರು ಬಣ್ಣದ ಕೋಣೆಗೇ ಬಂದು ಬೆನ್ನು ತಟ್ಟಿದ್ದರು. ಅಂಥ ಬಾಯಿಗೆ ನಮ್ಮ ‘ಮನಿ’ ಬಿಟ್ಟು ‘ಮನೆ’ ಎನ್ನಲು ಬರಲಿಲ್ಲವೆಂದರೆ ಯಾರು ನಂಬಬೇಕು?

ಕಂಪನಿ ಮುಚ್ಚಿದ ಮೇಲೆ ನಾನು ಗೋಕಾಕದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿ ಇಟ್ಟೆ. ಹೋದ ವರ್ಷ ಕಬ್ಬಿನ ಹಂಗಾಮಿನಲ್ಲಿ ಒಂದು ಮಧ್ಯಾಹ್ನ ಅವನೇ ಅಂಗಡಿಯ ಬಾಗಿಲಿಗೆ ಬಂದು ನಿಂತ. ಅರವತ್ತೆರಡು ಅವನಿಗೆ.

“ಏನ್ರೀ ಕಾಕಾರ, ಹ್ಯಾಂಗದೀರೀ ಮತ್ತ? ಭಾಳ ದಿನಾ ಆತ್ ನೋಡ್ರೀ ಮತ್ತ!”

ನಾನು ಅಂಟು ಹಚ್ಚುತ್ತಿದ್ದ ಕೈ ನಿಲ್ಲಿಸಿ ಕೇಳಿದೆ: “ಇದು ಯಾವ ಊರ ಮಾತೋ?”

ಅವನು ನಗಲಿಲ್ಲ. ಸ್ಟೂಲಿನ ಮೇಲೆ ಕುಳಿತು, “ಅದಕ್ಕೇ ಬಂದೆ ಕಾಕಾ” ಎಂದು ಬೆಂಗಳೂರಿನ ಮಾತಿನಲ್ಲಿ ಹೇಳಿದ.

ಸಂಗತಿ ಇಷ್ಟು. ನಾಯಕನ ಕಾಲ ಮುಗಿದ ಮೇಲೆ ಅವನು ಬೆಂಗಳೂರಿನ ಮಾತು ಕಲಿತು, ಡಾಕ್ಟರು, ನ್ಯಾಯಾಧೀಶರು, ನಾಯಕಿಯ ತಂದೆ, ಇಂಥ ನಾಲ್ಕು ಮಾತಿನ ಪಾತ್ರಗಳಲ್ಲಿ ಸ್ವಂತ ಧ್ವನಿಯಿಂದಲೇ ಹೊಟ್ಟೆ ಹೊರೆದಿದ್ದ. ಈಗ ಒಬ್ಬ ಹೊಸ ನಿರ್ದೇಶಕ ಹುಕ್ಕೇರಿ ಕಡೆಯ ಒಬ್ಬ ಮುದುಕನ ಕಥೆಯನ್ನು ಚಿತ್ರ ಮಾಡುತ್ತಿದ್ದ. ಆ ಮುದುಕನೇ ಚಿತ್ರದ ತುಂಬ ಇರುವವನು. ಆ ಕಡೆಯವನೆಂದೇ ಇವನನ್ನು ಆರಿಸಿದ್ದ. ಆದರೆ ಮೊದಲ ಓದಿನಲ್ಲಿ ಇವನ ಬಾಯಿಂದ ಊರ ಮಾತು ಹೊರಡಲಿಲ್ಲ. ನಲವತ್ತು ವರ್ಷ ಆಡದೆ ಅದು ಒಣಗಿತ್ತು. ಉಳಿದದ್ದು ಸಿನಿಮಾದವರು ನಮ್ಮ ಮಾತನ್ನು ಅಣಕಿಸುವ ಮಾತು ಮಾತ್ರ.

“ಸರಿ ಹೋಗದಿದ್ದರೆ ಆಮೇಲೆ ಬೇರೆಯವರ ಧ್ವನಿ ಹಾಕೋಣ ಸರ್, ನೀವೇನೂ ಚಿಂತೆ ಮಾಡಬೇಡಿ ಅಂದ ಆ ನಿರ್ದೇಶಕ” ಎಂದ ಅವನು. “ಭಾಳ ಮರ್ಯಾದೆಯಿಂದ ಹೇಳಿದ. ಮುಖ ನನ್ನದು, ಬಾಯಿ ಇನ್ನೊಬ್ಬರದು. ಕೊನೆಯ ಪಾತ್ರದಲ್ಲೂ ಅದೇ ಆಗಬೇಕಾ ಕಾಕಾ?”

ಆಗ ನಾನು ಬಹಳ ವರ್ಷದಿಂದ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದೆ. ಮೊದಲಿಗೆ ಯಾಕೆ ಹಾಗಾಯಿತು? ಅವನು ಹೇಳಿದ ಉತ್ತರ ಯಾವ ಕಥೆಯಲ್ಲೂ ಇಲ್ಲ. ಮೊದಲ ಚಿತ್ರದಲ್ಲಿ ‘ಅಮ್ಮ, ಕಾಫಿ ಆಯ್ತಾ?’ ಎಂಬ ಒಂದು ಮಾತಿತ್ತಂತೆ. ಅವನ ಬಳಿ ಎರಡು ಕನ್ನಡಗಳಿದ್ದವು, ನಾಟಕದ ರಾಜರದ್ದು ಮತ್ತು ಗೋಕಾಕದ್ದು. ಒಂದರಲ್ಲಿ ಹೇಳಿದರೆ ಚಕ್ರವರ್ತಿ ಮಂತ್ರಿಯಿಂದ ಯುದ್ಧದ ವಾರ್ತೆ ಕೇಳಿದಂತಾಗುತ್ತಿತ್ತು, ಇನ್ನೊಂದರಲ್ಲಿ ಹೇಳಿದರೆ ಸ್ಟುಡಿಯೋದಲ್ಲಿದ್ದವರೆಲ್ಲ ನಗುತ್ತಿದ್ದರು. ಒಂದು ಮಧ್ಯಮ ವರ್ಗದ ಮನೆಯೊಳಗೆ ಕುಳಿತು ಕಾಫಿ ಕೇಳುವ ಕನ್ನಡ ಅವನ ಬಳಿ ಇರಲಿಲ್ಲ. ಎಲ್ಲಿಂದ ಬರಬೇಕು? ಅವನು ಬೆಳೆದದ್ದು ತಗಡಿನ ಥೇಟರಿನ ಹಿಂದಿನ ಬಿಡಾರದಲ್ಲಿ. ಈ ಉತ್ತರವನ್ನು ನಾನು ನಂಬಿದೆ.

ಚಿತ್ರದ ಮಾತುಗಳ ಕಟ್ಟನ್ನು ಅವನು ಬಿಚ್ಚಿ ಕೊಟ್ಟ. ಓದಿದೆ. ಪ್ರತಿ ಸಾಲಿಗೊಂದು ‘ರೀ’, ಎರಡು ಸಾಲಿಗೊಂದು ‘ಲೇ’. ಮುದುಕ ಬೆಳಗಿನಿಂದ ಸಂಜೆಯವರೆಗೆ ಕೂಗುತ್ತಲೇ ಇರುತ್ತಾನೆ. ನಮ್ಮ ಕಡೆಯವರ ಮಾತು ಒರಟು, ಮನಸ್ಸು ಮಾತ್ರ ಮೆತ್ತಗೆ ಎಂದು ಹೊರಗಿನವರು ಪ್ರೀತಿಯಿಂದಲೇ ಹೇಳುತ್ತಾರೆ. ಮೊದಲ ಅರ್ಧವನ್ನು ಅವರು ಎಲ್ಲಿ ಕೇಳಿಸಿಕೊಂಡರೋ ನನಗೆ ತಿಳಿಯದು.

ಮರುದಿನ ಅವನನ್ನು ಮೂಡಲಗಿಯ ಸಂತೆಗೆ ಕರೆದುಕೊಂಡು ಹೋದೆ. ಜನರ ನಡುವೆ ಒಮ್ಮೆ ಬಾಯಿ ಬಿಟ್ಟರೆ ಮಾತು ತಾನಾಗಿ ಬರುತ್ತದೆ ಎಂಬುದು ನನ್ನ ಲೆಕ್ಕ. ಚಹದಂಗಡಿಯ ಮುಂದೆ ನಿಂತು ಅವನು, “ಏ, ಎರಡ್ ಚಾ ಕೊಡಲೇ! ಬಿರ್ರನ ಕೊಡಲೇ!” ಎಂದ.

ಅಂಗಡಿಯವರು ನನ್ನ ವಯಸ್ಸಿನವರು. ಕೆಟಲಿಯನ್ನು ಕೆಳಗಿಟ್ಟು ಅವನನ್ನು ನೋಡಿದರು. “ಸಾವಕಾರ್ರ, ಚಾ ಬೇಕಂದ್ರ ಚಾ ಕೇಳ್ರಿ. ಜಗಳಾ ಬೇಕಂದ್ರ ಆ ಮುಂದಿನ ಅಂಗಡಿಗೆ ಹೋಗ್ರಿ. ಅಲ್ಲೆ ಬೆಳಿಗ್ಗಿಂದನ ನಡದೈತಿ.”

ಸುತ್ತಲಿನವರು ನಕ್ಕರು. ಒಬ್ಬನು, “ಪಿಚ್ಚರ್ ನೋಡಿ ಮಾತ ಕಲಿತಾರ ಬಿಡ್ರಿ ಕಾಕಾ, ಪಾಪ, ಮೈಸೂರ ಕಡೆಯವ್ರ ಇರಬೇಕ” ಎಂದ. ನಮ್ಮವನು ಹುಟ್ಟಿದ್ದು ಅದೇ ಮೂಡಲಗಿಯಲ್ಲಿ, ಕಂಪನಿ ಅಲ್ಲಿ ಮೊಕ್ಕಾಂ ಮಾಡಿದ್ದಾಗ. ಅವನು ಚಹಾ ಕುಡಿದು ಮುಗಿಸುವವರೆಗೆ ಬಗ್ಗಿಸಿದ ತಲೆ ಎತ್ತಲಿಲ್ಲ. ಬಸ್ಸಿನಲ್ಲಿ ಬರುವಾಗ ನಾನು ಶಬ್ದಗಳ ಪಟ್ಟಿ ಮಾಡಿ ಹೇಳಿಕೊಟ್ಟೆ. ಎಲ್ಲ ಶಬ್ದವೂ ಅವನಿಗೆ ಗೊತ್ತಿತ್ತು. ಆದರೂ ಬಾಯಿಂದ ಹೊರಟಾಗ ವೇಷ ಹಾಕಿಕೊಂಡೇ ಹೊರಡುತ್ತಿತ್ತು. ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು.

ಅವನ ಅಕ್ಕ ಇರುವುದು ಹುಕ್ಕೇರಿಯಲ್ಲಿ. ಕಂಪನಿ ಬಿಟ್ಟು ಮದುವೆಯಾಗಿ ಅಲ್ಲೇ ನಿಂತವಳು. ನಾವು ಹೋದಾಗ ಪಡಸಾಲೆಯಲ್ಲಿ ಮೊರದ ತುಂಬ ಶೇಂಗಾ ಸುಲಿಯುತ್ತಿದ್ದಳು.

“ಬಂದಿ? ಬಾ. ಕೈಕಾಲು ತೊಳಕೋ. ಬರ್ರಿ ಅಣ್ಣಾ.”

“ಏನವಾ ಅಕ್ಕಾ, ಹ್ಯಾಂಗದೀಯವಾ ಮತ್ತ?” ಎಂದ ಅವನು.

“ಅಲ್ಲೆ ಪಗಾರ ಕೊಡ್ತಾರ, ಹಂಗ ಮಾತಾಡು. ಇಲ್ಲೆ ನಾ ಏನೂ ಕೊಡೂದಿಲ್ಲ.”

ಊಟವಾದ ಮೇಲೆ ಅವನು ಚಿತ್ರದ ಮುಖ್ಯ ದೃಶ್ಯವನ್ನು ಅವಳಿಗೆ ವಿವರಿಸಿದ. ಮಗಳು ಜಗಳವಾಡಿ, ಚೀಲ ಎತ್ತಿಕೊಂಡು ಮನೆ ಬಿಟ್ಟು ಹೊರಟಿದ್ದಾಳೆ, ತಂದೆ ತಡೆಯಬೇಕು. ಎದ್ದು ನಿಂತು, ಕೈ ಚಾಚಿ, ಬರೆದಂತೆಯೇ ಗುಡುಗಿದ: “ಲೇ ಮಗಳ! ಈ ಹೊಸ್ತಿಲಾ ದಾಟಿದ್ರ ನನ್ನ ಹೆಣಾನ ನೋಡ್ತಿ ನೋಡಲೇ!”

ಅಕ್ಕನ ಕೈ ಶೇಂಗಾದ ಮೇಲಿಂದ ಕದಲಲಿಲ್ಲ. “ಮಗಳು ಕಿವುಡಿ ಏನೋ?”

“ಇಲ್ಲಕ್ಕಾ.”

“ಮತ್ತ್ಯಾಕ ಒದರ್ತಿ? ಆಕಿ ಹೋಗಬಾರ್ದು, ಹೌದಿಲ್ಲೊ?”

“ಹೌದು.”

“ಹಂಗಂದ್ರ ಒದರಬಾರ್ದು.” ಅವಳು ಬಾಗಿಲ ಕಡೆ ತಿರುಗಿದಳು. ಅಲ್ಲಿ ಯಾರೋ ನಿಂತಿದ್ದಾರೆ ಎಂದು ನನಗೂ ಒಂದು ಕ್ಷಣ ಅನ್ನಿಸಿತು. “ಹೊಂಟಿ ಏನ ಯವ್ವಾ? ಆತು. ಒಂದ ರೊಟ್ಟಿ ತಿಂದ ಹೋಗು. ಬಿಸಿ ಅದಾವ.”

ನಮ್ಮಲ್ಲಿ ‘ಹೋಗಬೇಡ’ ಎಂದು ಹೀಗೆಯೇ ಹೇಳುತ್ತಾರೆ. ಒಂದು ರೊಟ್ಟಿ ತಿನ್ನುವಷ್ಟು ಹೊತ್ತಿನಲ್ಲಿ ಮನಸ್ಸು ತಿರುಗಿದರೂ ತಿರುಗೀತು ಎಂಬುದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ನಾನು ಬದುಕಿನುದ್ದಕ್ಕೂ ಕೇಳಿದ ಮಾತು. ಅದನ್ನು ಮಾತಾಗಿ ಕೇಳಿಸಿಕೊಂಡದ್ದು ಆ ದಿನ.

ಅವನು ಮೊರದ ಪಕ್ಕ ಕುಳಿತ. ಆಮೇಲೆ, “ನನಗೂ ಹಂಗ ಅಂದಿದ್ದಿ” ಎಂದ.

“ಅಂದಿದ್ದೆ. ನೀ ಎರಡ ರೊಟ್ಟಿ ತಿಂದಿ, ಹ್ವಾದಿ.”

ಟಿವಿಯ ಸಂದರ್ಶನಗಳಲ್ಲೆಲ್ಲ ಬೇರೆ ಕಥೆ ಇದೆ: ಅಪ್ಪನ ಹೊಡೆತಕ್ಕೆ ಹೆದರಿ ಕಂಪನಿಯ ಬೇಲಿ ಹಾರಿ ಓಡಿಹೋದನೆಂದು. ಅವನು ಹೊರಟ ವಾರ ನಾನು ಬಿಡಾರದಲ್ಲಿರಲಿಲ್ಲ, ಆದ್ದರಿಂದ ಅವಳನ್ನು ಕೇಳಿಯೇಬಿಟ್ಟೆ.

“ಓಡಿ ಹೋಗಾಕ ಅಂವನ್ನ ಹಿಡದವ್ರ್ಯಾರಣ್ಣಾ? ಅಪ್ಪ ತಾನ ಬಸ್ಸಿಗೆ ಹತ್ತಿಸಿ ಬಂದ. ಬಂದಾಂವ ಮೂರ ದಿನಾ ಯಾರ ಜೋಡಿನೂ ಮಾತಾಡ್ಲಿಲ್ಲ.”

ಬೇಲಿಯ ಕಥೆಯನ್ನು ಯಾವುದೋ ಪತ್ರಿಕೆಯವರು ಕಟ್ಟಿದ್ದರಂತೆ. ತಿದ್ದಲು ಇವನಿಗೆ ಧೈರ್ಯವಾಗಿರಲಿಲ್ಲ. ಮೂರು ದಿನದ ಮೌನ ಮಾತ್ರ ಅವನಿಗೆ ಗೊತ್ತೇ ಇರಲಿಲ್ಲ. ಎದ್ದು ಹಿತ್ತಲಿಗೆ ಹೋದ. ಅಕ್ಕ ಕರೆಯಲಿಲ್ಲ, ನಾನೂ ಕರೆಯಲಿಲ್ಲ.

ಅವನು ಅಲ್ಲಿಯೇ ಉಳಿದ. ನಾನು ದಿನಾ ಬಸ್ಸಿನಲ್ಲಿ ಹೋಗಿಬಂದೆ. ಅಕ್ಕ ಪಾಠ ಹೇಳಲಿಲ್ಲ. ಅವನ ಮಾತು ಸುಳ್ಳಾಗಿ ಬಂದರೆ ಉತ್ತರ ಕೊಡುತ್ತಿರಲಿಲ್ಲ, ಅಷ್ಟೇ. ನೀರು ಬೇಕಾದರೂ ಸರಿಯಾಗಿ ಕೇಳುವವರೆಗೆ ನೀರಿಲ್ಲ. ನಾನು ಹಳೆಯ ಚಟಕ್ಕೆ ಪಕ್ಕದಿಂದ ಒಂದು ಶಬ್ದ ಪಿಸುಗುಟ್ಟಿದಾಗ ಅವಳು ನನ್ನನ್ನೇ ಗದರಿದಳು: “ಅಣ್ಣಾ, ಶಬ್ದಾ ಹೇಳಿ ಕೊಡಬ್ಯಾಡ್ರಿ. ಶಬ್ದಾ ಅಂವಗ ಗೊತ್ತದಾವ. ಅಂವಗ ಅವಸರಾ ಭಾಳ ಐತಿ.”

ಮಾತೆಂದರೆ ಶಬ್ದ ಎಂದುಕೊಂಡೇ ಒಂಬತ್ತು ವರ್ಷ ಪರದೆಯ ಮರೆಯಲ್ಲಿ ನಿಂತವನು ನಾನು. ಒಪ್ಪಿಕೊಳ್ಳಲು ಎರಡು ದಿನ ಬೇಕಾಯಿತು.

ಆರನೆಯ ದಿನ ಪಕ್ಕದ ಮನೆಯಾಕೆ ಜರಡಿ ಕೊಡಲು ಬಂದಳು. ಅಕ್ಕ ಒಳಗಿದ್ದಳು. ನಿಡಸೋಸಿಯ ಬಸ್ಸು ಈಗ ಯಾವ ಹೊತ್ತಿಗಿದೆ, ಅವಳ ಮಗನ ಕಾಲೇಜು ಎಷ್ಟು ದೂರ ಎಂದೆಲ್ಲ ಅವನೊಡನೆ ಕಾಲು ತಾಸು ಮಾತಾಡಿ ಹೋದಳು. ಹೋಗುವಾಗ ಒಳಗೆ ಇಣುಕಿ, “ಯಕ್ಕಾ, ನಿಮ್ಮ ಮೈದುನಾರು ಭಾಳ ಸಮಾಧಾನಿ ಅದಾರ ನೋಡ್ರಿ. ಯಾವ ಹಳ್ಯಾಗ ಇರ್ತಾರ?” ಎಂದಳು. ಅಕ್ಕನ ಗಂಡನ ತಮ್ಮ, ಇಲ್ಲಿಯದೇ ಹಳ್ಳಿಯವನು ಎಂದು ಅವಳು ತಿಳಿದದ್ದಕ್ಕೆ ಅವನ ಮುಖ ಅರಳಿದ್ದನ್ನು ನಾನು ನೋಡಿದೆ. ಬೆಂಗಳೂರಿನಲ್ಲಿ ಅವನಿಗೆ ಕೊಟ್ಟ ಫಲಕಗಳ ಫೋಟೋ ತೋರಿಸಿದಾಗಲೂ ಆ ಕಳೆ ಬಂದಿರಲಿಲ್ಲ.

ಹತ್ತರಗಿಯ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಹೊಲದ ನಡುವಿನ ಒಂದು ಮನೆಯಲ್ಲಿ ಚಿತ್ರೀಕರಣ. ನನ್ನನ್ನೂ ಕರೆದೊಯ್ದ. ಮಗಳು ಹೊರಡುವ ದೃಶ್ಯ. ಮೊದಲು ಬರೆದಂತೆ ಗುಡುಗಿದ. ನಿರ್ದೇಶಕ ಚಪ್ಪಾಳೆ ತಟ್ಟಿ, “ಸೂಪರ್ ಸರ್! ಮಾತಿನ ಧಾಟಿ ಮಾತ್ರ ಇನ್ನೂ ಸ್ವಲ್ಪ... ಇರಲಿ, ಆಮೇಲೆ ನೋಡೋಣ” ಎಂದ. ಆ ‘ಆಮೇಲೆ’ಯ ಅರ್ಥ ಅವನಿಗೂ ತಿಳಿಯಿತು, ನನಗೂ ತಿಳಿಯಿತು.

“ಒಂದು ಸಲ ನಮ್ಮ ಮನೆಯಲ್ಲಿ ಹೇಳುವ ಹಾಗೆ ಹೇಳಲಾ?” ಎಂದು ಕೇಳಿದ.

ನಿರ್ದೇಶಕ ಗಡಿಯಾರ ನೋಡಿ ಒಪ್ಪಿದ. ಮಗಳಾಗಿದ್ದ ಹುಡುಗಿ ಬೆಂಗಳೂರಿನವಳು. ಚೀಲ ಹೆಗಲಿಗೇರಿಸಿ ಬಾಗಿಲ ಬಳಿ ನಿಂತಳು. ಅವನು ಒಲೆಯ ಕಡೆಯಿಂದ ಏಳಲೂ ಇಲ್ಲ.

“ಹೊಂಟಿ ಏನ ಯವ್ವಾ? ಆತು. ಒಂದ ರೊಟ್ಟಿ ತಿಂದ ಹೋಗು. ಬಿಸಿ ಅದಾವ.”

ಹುಡುಗಿ ಹೊಸ್ತಿಲು ದಾಟಬೇಕಿತ್ತು. ದಾಟಲಿಲ್ಲ. ಸ್ವಲ್ಪ ನಿಂತು, ಚೀಲ ಇಳಿಸಿ, ತಟ್ಟೆಯ ಮುಂದೆ ಕುಳಿತುಬಿಟ್ಟಳು. ನಿರ್ದೇಶಕ ‘ಕಟ್’ ಎಂದು ಕೂಗಿದ.

“ಯಾಕಮ್ಮ ಕೂತೆ? ಹೊರಗೆ ಹೋಗಬೇಕು ನೀನು!”

“ಸಾರಿ ಸರ್. ಅವರು ಹಾಗಂದ ಮೇಲೆ ಹೋಗೋಕೆ ಆಗಲಿಲ್ಲ.”

ನಿರ್ದೇಶಕ ಧ್ವನಿ ಹಿಡಿಯುವವನ ಹೆಡ್‌ಫೋನ್ ಇಸಿದುಕೊಂಡು ಆ ಮಾತನ್ನು ಮೂರು ಸಲ ಕೇಳಿದ. ನಮ್ಮವನು ಒಲೆಯ ಮುಂದೆ ಕೈಕಟ್ಟಿ ಕುಳಿತಿದ್ದ, ಫಲಿತಾಂಶಕ್ಕೆ ಕಾಯುವವರಂತೆ. ಕೊನೆಗೆ ನಿರ್ದೇಶಕ ಹೆಡ್‌ಫೋನ್ ತೆಗೆದು, “ಹಾಗಾದರೆ ತಿಂದೇ ಹೋಗಲಿ” ಎಂದ. ಆಮೇಲೆ ಸಣ್ಣ ದನಿಯಲ್ಲಿ, “ಸರ್, ಉಳಿದ ಮಾತುಗಳನ್ನೂ ನಾಳೆ ಬೆಳಿಗ್ಗೆ ಒಟ್ಟಿಗೆ ಕೂತು ನೋಡೋಣವಾ? ಧ್ವನಿ ನಿಮ್ಮದೇ” ಎಂದ.

ಮತ್ತೆ ದೃಶ್ಯ ನಡೆಯಿತು. ಹುಡುಗಿ ಕುಳಿತು ರೊಟ್ಟಿ ತಿಂದಳು, ನಿಧಾನವಾಗಿ, ತಲೆ ತಗ್ಗಿಸಿ. ಕೈ ತೊಳೆದು ಚೀಲ ಎತ್ತಿಕೊಂಡು ಹೊರಗೆ ಹೋದಳು. ದೃಶ್ಯ ಅಲ್ಲಿಗೆ ಮುಗಿಯಬೇಕಿತ್ತು. ಅವನು ಅವಳ ತಟ್ಟೆ ತೆಗೆದು ಬದಿಗಿಟ್ಟು, ಖಾಲಿ ಬಾಗಿಲಿನತ್ತ ನೋಡುತ್ತ, “ಊರ ಮುಟ್ಟಿದ ಮ್ಯಾಲೆ ಒಂದ ಫೋನ್ ಮಾಡು” ಎಂದ.

ಚಿತ್ರ ಗೋಕಾಕದ ಥೇಟರಿಗೆ ಬಂದಾಗ ಆ ಮಾತು ಹಾಗೆಯೇ ಇತ್ತು, ಅವನದೇ ಧ್ವನಿಯಲ್ಲಿ. ಅದನ್ನು ಯಾರು ಬರೆದುಕೊಟ್ಟರು ಎಂದು ಈಗ ಕೆಲವರು ಕೇಳುತ್ತಾರೆ. ನಾನು ಪಕ್ಕದಲ್ಲೇ ನಿಂತಿದ್ದೆ, ಯಾರೂ ಹೇಳಿಕೊಡಲಿಲ್ಲ.